‘ನೀಲಗಿರಿ ಎಣ್ಣೆ’ ಯಾವುದು? ಕುಂದಾದ ಒಂದು ಗಿಡದ ಚರಿತ್ರೆ

ಸಾಹಿತ್ಯದ ವಿದ್ಯಾರ್ಥಿನಿ ಎಣ್ಣೆಯ ಬಗ್ಗೆ ಯಾಕೆ ಮಾತಾಡ್ತಾಳೆ ಅಂತ ಅನ್ನಿಸಬಹುದು. ನನ್ನ ಪ್ರಶ್ನೆ ಹುಟ್ಟಿದ್ದು ಒಂದು ಪದದಿಂದ.

ನಮ್ಮದು ಕುಂದಾ ಸೀಮೆಯ ಬಡಗ ಮನೆ. ಮಳೆಗಾಲದಲ್ಲಿ ಹೆತ್ತೆ, ಅಂದ್ರೆ ಅಜ್ಜಿ, ಮಂಡಿಗೆ ಹಚ್ಚಿಕೊಳ್ಳುತ್ತಿದ್ದದ್ದು ಗಾಲ್ಥೇರಿಯಾ ಎಣ್ಣೆ. ಮೈಸೂರಿಗೆ ಓದಲು ಬಂದಮೇಲೆ ಅಂಗಡಿಯಲ್ಲಿ ‘ನೀಲಗಿರಿ ಎಣ್ಣೆ’ ಕೇಳಿದೆ. ಕೊಟ್ಟಿದ್ದು ಯೂಕಲಿಪ್ಟಸ್ ಎಣ್ಣೆ. ಅಂಗಡಿಯವರ ತಪ್ಪೇನಿಲ್ಲ, ಕನ್ನಡದಲ್ಲಿ ನೀಲಗಿರಿ ಅಂದರೆ ಆ ಮರವೇ. ಆದರೆ ಅದು ಆಸ್ಟ್ರೇಲಿಯಾದ ಮರ, ನಮ್ಮ ಬೆಟ್ಟಕ್ಕೆ 1843ರ ಸುಮಾರಿಗೆ ಬಂದದ್ದು. ಗಾಲ್ಥೇರಿಯಾ ಫ್ರಾಗ್ರಾಂಟಿಸಿಮಾ ಅದಕ್ಕಿಂತ ಎಷ್ಟೋ ಮೊದಲಿನಿಂದ ಶೋಲಾ ಕಾಡಿನ ಅಂಚಿನಲ್ಲಿ ಬೆಳೆಯುತ್ತಿರುವ ಪೊದೆ.

ಈ ಗಿಡ ಹಿಮಾಲಯದಿಂದ ಆಗ್ನೇಯ ಏಷ್ಯಾದವರೆಗೂ ಇದೆ. ಜಾವಾದಲ್ಲಿ ಈ ಜಾತಿಯ ಎಣ್ಣೆಗೆ ‘ಗಂದಪುರ’ ಅನ್ನುತ್ತಾರೆ, ಅಲ್ಲೂ ಮೈಕೈ ನೋವಿಗೆ ತಿಕ್ಕುತ್ತಾರೆ. ನಮ್ಮ ‘ಗಂಧ’ ಆ ಹೆಸರಲ್ಲಿ ಕೇಳಿಸುತ್ತದೆ. ನಾವು ಕರೆಯುವ ಹೆಸರು ಮಾತ್ರ ಕೆನಡಾದ ಕ್ವಿಬೆಕ್‌ನಲ್ಲಿದ್ದ ವೈದ್ಯ ಗಾಲ್ತಿಯೇ ಎಂಬುವನದು.

ಇನ್ನು ರಸಾಯನ. ಎಲೆಯಲ್ಲಿ ಗಾಲ್ಥೆರಿನ್ ಎಂಬ, ಸಕ್ಕರೆಗೆ ಅಂಟಿಕೊಂಡ ಸಂಯುಕ್ತವಿದೆ. ಎಲೆ ಜಜ್ಜಿದಾಗ ಅಥವಾ ನೀರಲ್ಲಿ ನೆನೆಸಿದಾಗ ಕಿಣ್ವವೊಂದು ಅದನ್ನು ಒಡೆಯುತ್ತದೆ, ಆಗ ಮೀಥೈಲ್ ಸ್ಯಾಲಿಸಿಲೇಟ್ ಬಿಡುಗಡೆಯಾಗುತ್ತದೆ. ಬಟ್ಟಿ ಇಳಿಸಿದ ಎಣ್ಣೆಯ ಬಹುಪಾಲು ಇದೇ. ಇದು ಆಸ್ಪಿರಿನ್‌ನ ಹತ್ತಿರದ ನಂಟ. ಯೂಕಲಿಪ್ಟಸ್ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್, ಅದು ಬೇರೆಯೇ ವಸ್ತು.

1870ರ ಆಸುಪಾಸಿನಲ್ಲಿ ಮದ್ರಾಸ್ ಸರ್ಕಾರದ ಸಿಂಕೋನಾ ರಸಾಯನತಜ್ಞ ಜಾನ್ ಬ್ರೌಟನ್ ನೀಲಗಿರಿಯ ಈ ಎಣ್ಣೆಯನ್ನು ಪರೀಕ್ಷಿಸಿದ. ಅದರಿಂದ ಕಾರ್ಬಾಲಿಕ್ ಆಮ್ಲ ತಯಾರಿಸಬಹುದೆಂದು ತೋರಿಸಿದ. ಲಿಸ್ಟರ್ 1867ರಲ್ಲಿ ಗಾಯಗಳಿಗೆ ಆ ಆಮ್ಲ ಬಳಸಿದ್ದನ್ನು ಪ್ರಕಟಿಸಿದ್ದರಿಂದ ಅದಕ್ಕೆ ಬೇಡಿಕೆ ಇತ್ತು. ಆದರೆ ಕಲ್ಲಿದ್ದಲ ಟಾರಿನಿಂದ ತೆಗೆದದ್ದೇ ಅಗ್ಗ. 1874ರಲ್ಲಿ ಕೋಲ್ಬೆಯ ವಿಧಾನದಿಂದ ಡ್ರೆಸ್ಡೆನ್‌ನಲ್ಲಿ ಸ್ಯಾಲಿಸಿಲಿಕ್ ಆಮ್ಲದ ಕಾರ್ಖಾನೆಯೂ ಶುರುವಾಯಿತು. ಗಿಡ ದೊಡ್ಡ ಉದ್ಯಮವಾಗಲಿಲ್ಲ. ಯೂಕಲಿಪ್ಟಸ್ ಮಾತ್ರ ಸೌದೆಗೆಂದು ಬೆಟ್ಟವೆಲ್ಲ ಹಬ್ಬಿತು, ಬೆಟ್ಟದ ಹೆಸರನ್ನೂ ತೆಗೆದುಕೊಂಡಿತು.

ಇದು ಬರೀ ಪದದ ಜಗಳ ಅಲ್ಲ. ಒಂದು ಟೀ ಚಮಚ, ಅಂದರೆ 5 ಮಿ.ಲೀ. ಗಾಲ್ಥೇರಿಯಾ ಎಣ್ಣೆ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. ಮಗು ಕುಡಿದರೆ ಜೀವ ಹೋಗಬಹುದು. ಯೂಕಲಿಪ್ಟಸ್ ಎಣ್ಣೆಯೂ ಕುಡಿಯುವಂಥದ್ದಲ್ಲ, ಆದರೆ ಎರಡರ ವಿಷ ಬೇರೆ, ಚಿಕಿತ್ಸೆಯೂ ಬೇರೆ. ಆಸ್ಪತ್ರೆಯಲ್ಲಿ ತಾಯಿ ‘ನೀಲಗಿರಿ ಎಣ್ಣೆ ಕುಡಿದುಬಿಟ್ಟಿದೆ’ ಅಂದರೆ ಡಾಕ್ಟರು ಯಾವುದು ಅಂತ ತಿಳೀಬೇಕು?

ನಿಘಂಟಿನ ಕೆಲಸ ಇಲ್ಲೂ ಇದೆ ಅಂತ ನನಗನ್ನಿಸುತ್ತೆ. ಗಿಡಕ್ಕೆ ಅದರ ಬೆಟ್ಟದ ಹೆಸರನ್ನು ವಾಪಸ್ ಕೊಡಿಸೋಕೆ ಈಗ ಆಗಲ್ಲ. ಆದರೆ ಹೆತ್ತೆಯಂಥವರು ಎರಡು ಸೀಸೆಗಳನ್ನು ಹೇಗೆ ಬೇರೆಬೇರೆ ಹೆಸರಲ್ಲಿ ಗುರುತಿಸುತ್ತಾರೆ ಅನ್ನೋದನ್ನು ಕೇಳಿ ಬರೆದಿಡಬಹುದು. ನಾನು ಈ ರಜೆಯಲ್ಲಿ ಅಲ್ಲಿಂದಲೇ ಶುರು ಮಾಡ್ತೀನಿ. ನಿಮ್ಮ ಪ್ರಶ್ನೆಗಳಿಗೆ ಸ್ವಾಗತ.