ಮ್ಯಾಂಟಲಿನ ರಾಸಾಯನಿಕ ವೈವಿಧ್ಯ ಮತ್ತು ವಿಕಾಸ

ಮ್ಯಾಂಟಲ್ ಎಂಬುದು ಭೂಕವಚಕ್ಕೂ ಕೇಂದ್ರಗೋಳಕ್ಕೂ ನಡುವೆ, ಸುಮಾರು 2,900 ಕಿ.ಮೀ. ಆಳದವರೆಗೆ ಹಬ್ಬಿರುವ ಶಿಲಾಪದರ. ಭೂಮಿಯ ಒಟ್ಟು ಗಾತ್ರದಲ್ಲಿ ಇದರ ಪಾಲು ಸುಮಾರು ಶೇ. 84. ಆಮ್ಲಜನಕ, ಸಿಲಿಕಾನ್, ಮೆಗ್ನೀಸಿಯಂ ಮತ್ತು ಕಬ್ಬಿಣ ಇದರ ಮುಖ್ಯ ಧಾತುಗಳು. ಆದರೆ ಅಲ್ಪ ಪ್ರಮಾಣದ ಧಾತುಗಳಲ್ಲಿಯೂ ಐಸೊಟೋಪುಗಳಲ್ಲಿಯೂ (ಸಮಸ್ಥಾನಿಗಳು) ಇದು ಎಲ್ಲೆಡೆ ಒಂದೇ ತೆರನಾಗಿಲ್ಲ.

ವಿಕಾಸ

ಆದಿಯಲ್ಲಿ ಭೂಮಿಯು ಬಹುಮಟ್ಟಿಗೆ ಕರಗಿದ್ದಾಗ ಕಬ್ಬಿಣ ಮತ್ತು ನಿಕ್ಕಲ್ ಕೆಳಗಿಳಿದು ಕೇಂದ್ರಗೋಳವಾದವು. ಚಿನ್ನ, ಪ್ಲಾಟಿನಂಗಳ ಬಹುಪಾಲೂ ಅವುಗಳೊಡನೆ ಹೋಯಿತು. ಉಳಿದ ಸಿಲಿಕೇಟ್ ಭಾಗದಿಂದ ಮ್ಯಾಂಟಲ್ ರೂಪುಗೊಂಡಿತು. ಅದು ಭಾಗಶಃ ಕರಗಿದಾಗಲೆಲ್ಲ ಪೊಟ್ಯಾಸಿಯಂ, ಯುರೇನಿಯಂ, ರುಬಿಡಿಯಂ ಮುಂತಾದವು ಖನಿಜಗಳಲ್ಲಿ ನಿಲ್ಲದೆ ಶಿಲಾರಸವನ್ನು ಸೇರಿ ಮೇಲೇರುತ್ತವೆ. ಹೀಗೆ ಭೂಖಂಡಗಳ ಕವಚವು ಈ ಧಾತುಗಳಿಂದ ಸಮೃದ್ಧವಾಯಿತು, ಮೇಲಿನ ಮ್ಯಾಂಟಲಿನಲ್ಲಿ ಅವು ಕ್ಷೀಣಿಸಿದವು. ಆದರೆ ಇದು ಏಕಮುಖ ಕ್ರಿಯೆಯಲ್ಲ. ಸಾಗರಕಂದಕಗಳಲ್ಲಿ ಒಳಸರಿಯುವ ಭೂಫಲಕಗಳು ಬಸಾಲ್ಟನ್ನೂ ಹೂಳನ್ನೂ ಮರಳಿ ಮ್ಯಾಂಟಲಿಗೆ ಒಯ್ಯುತ್ತವೆ.

ಐಸೊಟೋಪುಗಳ ಸಾಕ್ಷ್ಯ

ರುಬಿಡಿಯಂ-87 ಅತಿ ನಿಧಾನವಾಗಿ ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗುತ್ತದೆ. ಆದ್ದರಿಂದ ರುಬಿಡಿಯಂ ಹೆಚ್ಚಿರುವ ಭಾಗದಲ್ಲಿ ಕಾಲಕ್ರಮೇಣ ಸ್ಟ್ರಾನ್ಷಿಯಂ-87ರ ಅನುಪಾತವೂ ಹೆಚ್ಚುತ್ತದೆ. ಶಿಲೆ ಕರಗುವುದರಿಂದ ಈ ಅನುಪಾತ ಬದಲಾಗದು. ಹಾಗಾಗಿ ಲಾವಾಶಿಲೆಯು ತನ್ನ ಮೂಲದ ಗುರುತನ್ನು ಉಳಿಸಿಕೊಂಡಿರುತ್ತದೆ. ಗ್ಯಾಸ್ಟ್, ಟಿಲ್ಟನ್ ಮತ್ತು ಹೆಜ್ 1964ರಲ್ಲಿ ಅಟ್ಲಾಂಟಿಕ್ ಸಾಗರದ ಅಸೆನ್ಷನ್ ಹಾಗೂ ಗಾಫ್ ದ್ವೀಪಗಳ ಶಿಲೆಗಳಲ್ಲಿ ಇಂತಹ ಭಿನ್ನತೆಯನ್ನು ತೋರಿಸಿದರು. ಜಿಂಡ್ಲರ್ ಮತ್ತು ಹಾರ್ಟ್ 1986ರಲ್ಲಿ ಮ್ಯಾಂಟಲಿನ ವೈವಿಧ್ಯವನ್ನು ಕೆಲವೇ ಮೂಲಘಟಕಗಳ ಮಿಶ್ರಣವೆಂದು ವಿವರಿಸಿದರು.

ಚರ್ಚೆ

ಸುಮಾರು 660 ಕಿ.ಮೀ. ಆಳದ ಗಡಿಯು ಮ್ಯಾಂಟಲನ್ನು ಪರಸ್ಪರ ಬೆರೆಯದ ಎರಡು ಪದರಗಳಾಗಿ ವಿಭಜಿಸುತ್ತದೆಂದು ಹಿಂದೆ ಹಲವರು ಭಾವಿಸಿದ್ದರು. ಕೆಲವು ಫಲಕಗಳು ಆ ಗಡಿಯನ್ನು ದಾಟಿ ಇಳಿದಿರುವುದನ್ನು ಭೂಕಂಪ ಅಲೆಗಳ ಅಧ್ಯಯನ ತೋರಿಸಿದ ಮೇಲೆ ಆ ವಾದ ದುರ್ಬಲವಾಯಿತು. ಆದರೆ ನಿರಂತರ ಸಂವಹನದ ನಡುವೆಯೂ ಈ ಭಿನ್ನತೆ ಅಳಿಯದೆ ಉಳಿದುದು ಹೇಗೆ ಎಂಬ ಪ್ರಶ್ನೆಗೆ ಸರ್ವಸಮ್ಮತ ಉತ್ತರವಿಲ್ಲ. ಹವಾಯಿಯಂತಹ ದ್ವೀಪಗಳ ಲಾವಾದ ಮೂಲದಲ್ಲಿ ಪುರಾತನ ಸಾಗರಕವಚ ಸೇರಿದೆಯೆಂದು ಹಾಫ್‌ಮನ್ ಮತ್ತು ವೈಟ್ 1982ರಲ್ಲಿ ಪ್ರತಿಪಾದಿಸಿದರು.

ಕರ್ನಾಟಕದ ಶಿಲೆಗಳು

ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಮೊದಲಾದೆಡೆ ಸರಗೂರು ಶಿಲಾಸಮೂಹಕ್ಕೆ ಸೇರಿದ, 300 ಕೋಟಿ ವರ್ಷಗಳಿಗೂ ಹಳೆಯ ಕೊಮಾಟಿಯೈಟ್ ಶಿಲೆಗಳಿವೆ. ಶೇ. 18ಕ್ಕಿಂತ ಹೆಚ್ಚು ಮೆಗ್ನೀಸಿಯಂ ಆಕ್ಸೈಡ್ ಇರುವ ಇಂತಹ ಲಾವಾಶಿಲೆಗಳು, ಅಂದಿನ ಮ್ಯಾಂಟಲ್ ಇಂದಿಗಿಂತ ಬಿಸಿಯಾಗಿತ್ತೆಂಬುದಕ್ಕೆ ಆಧಾರವಾಗಿವೆ.