ತಮಾಷೆಗೆ ಹುಟ್ಟಿದ ಕಾಯಿಲೆ

ಇಂಟರ್ನೆಟ್ ಚಟ ಅನ್ನೋ ಕಾಯಿಲೆಗೆ ಮೊದಲು ಹೆಸರಿಟ್ಟಿದ್ದು ತಮಾಷೆಗೆ ಅಂದ್ರೆ ನಂಬ್ತೀರಾ? 1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಇವಾನ್ ಗೋಲ್ಡ್‌ಬರ್ಗ್ ತಮ್ಮದೇ ವೃತ್ತಿಯ ರೋಗಲಕ್ಷಣಗಳ ಕೈಪಿಡಿಯನ್ನು ಗೇಲಿ ಮಾಡೋಕೆ ಇಲ್ಲದ ಕಾಯಿಲೆಯೊಂದನ್ನು ಸೃಷ್ಟಿಸಿದರು. ಬೆರಳುಗಳು ತಾವಾಗಿಯೇ ಟೈಪ್ ಮಾಡೋದೂ ಅದರ ಒಂದು ಲಕ್ಷಣ! ಓದಿ ನಗಬೇಕಿದ್ದ ಎಷ್ಟೋ ಜನ ತಮಗೂ ಇದೇ ಇದೆ ಅಂತ ಅವರಿಗೇ ಬರೆದರು.

1996ರಲ್ಲಿ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಇದನ್ನೇ ಗಂಭೀರವಾಗಿ ಮುಂದಿಟ್ಟರು. ಜೂಜಿನ ಚಟದ ಮಾನದಂಡಗಳನ್ನು ಬದಲಾಯಿಸಿ 8 ಪ್ರಶ್ನೆ ಮಾಡಿದರು. 5ಕ್ಕೆ ಹೌದು ಅಂದರೆ ನೀವು ಚಟಗಾರರು. ಅಮೆರಿಕದಲ್ಲಿ ಇದು ಒಬ್ಬೊಬ್ಬರ ಕಾಯಿಲೆಯಾಯಿತು.

ಚೀನಾದ ಕಥೆ ಬೇರೆ. 2002ರ ಜೂನ್ 16, ನಸುಕು. ವಿಶ್ವವಿದ್ಯಾಲಯಗಳೇ ತುಂಬಿರೋ ಬೀಜಿಂಗಿನ ಹೈದಿಯನ್‌ನಲ್ಲಿ ಲಾನ್‌ಜಿಸು ಅನ್ನೋ ಸೈಬರ್ ಕೆಫೆಗೆ ಬೆಂಕಿ ಬಿತ್ತು. ಹಚ್ಚಿದ್ದು ಕೆಫೆಯವರ ಜೊತೆ ಜಗಳವಾಡಿದ್ದ ಹುಡುಗರು. ಸತ್ತವರು 25 ಜನ, ಬಹುಪಾಲು ಕಾಲೇಜು ವಿದ್ಯಾರ್ಥಿಗಳು. ಕೆಫೆಗೆ ಪರವಾನಗಿ ಇರಲಿಲ್ಲ, ಕಿಟಕಿಗಳಿಗೆ ಕಬ್ಬಿಣದ ಸರಳು. ಅಂದ್ರೆ ಅವರು ಸತ್ತಿದ್ದು ಹೊರಗೆ ಬರೋಕೆ ದಾರಿಯಿಲ್ಲದೆ, ಚಟದಿಂದ ಅಲ್ಲ. ಆದರೂ ಅದೇ ವರ್ಷ ಬಂದ ನಿಯಮಗಳು 18 ದಾಟದವರನ್ನು ಕೆಫೆಗಳಿಂದ ಹೊರಗಿಟ್ಟವು, ಮಧ್ಯರಾತ್ರಿಯಿಂದ ಬೆಳಿಗ್ಗೆ 8ರವರೆಗೆ ಬಾಗಿಲು ಹಾಕಿಸಿದವು. ಆಮೇಲೆ ಸೈನ್ಯದ ಶಿಸ್ತಿನ ಶಿಬಿರಗಳು ಬಂದವು, ಕರೆಂಟ್ ಶಾಕ್ ಕೊಡೋ ‘ಚಿಕಿತ್ಸೆ’ಯೂ ಬಂತು. 2009ರಲ್ಲಿ ಆರೋಗ್ಯ ಸಚಿವಾಲಯ ಆ ಶಾಕ್ ನಿಲ್ಲಿಸಿತು. ಅದೇ ವರ್ಷ ಗುವಾಂಗ್‌ಶಿಯ ಶಿಬಿರವೊಂದಕ್ಕೆ ಸೇರಿಸಿದ ಕೆಲವೇ ಗಂಟೆಗಳಲ್ಲಿ 15 ವರ್ಷದ ಹುಡುಗನೊಬ್ಬ ಏಟು ತಿಂದು ಸತ್ತ.

ದಕ್ಷಿಣ ಕೊರಿಯಾ ಗಡಿಯಾರ ನೋಡಿತು. 2011ರಲ್ಲಿ 16ರೊಳಗಿನವರಿಗೆ ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಬಂದ್ ಮಾಡಿತು. 2022ರಲ್ಲಿ ಆ ಕಾನೂನೂ ಹೋಯಿತು.

ಹೆಸರು ಒಂದೇ. ಆದರೆ ಅಮೆರಿಕಕ್ಕೆ ಕಂಡಿದ್ದು ಜೂಜು, ಚೀನಾಕ್ಕೆ ಮಾತು ಕೇಳದ ಮಕ್ಕಳು, ಕೊರಿಯಾಕ್ಕೆ ಕೆಟ್ಟ ನಿದ್ದೆ. ಒಂದೊಂದು ಸಮಾಜವೂ ಅದರಲ್ಲಿ ತನ್ನ ಭಯವನ್ನೇ ನೋಡಿತು.

ಹಾಗಂತ ತೊಂದರೆಯೇ ಸುಳ್ಳಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೊಂದು ಕ್ಲಿನಿಕ್ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಚಟವನ್ನು ರೋಗಗಳ ಪಟ್ಟಿಗೆ ಸೇರಿಸಿತು. ಗಮನಿಸಿ, ಅಲ್ಲಿ ಗಂಟೆಗಳ ಲೆಕ್ಕವಿಲ್ಲ. ಹಿಡಿತ ತಪ್ಪಿದೆಯಾ, ಉಳಿದದ್ದೆಲ್ಲ ಹಿಂದೆ ಸರಿದಿದೆಯಾ, ಹಾನಿ ಕಂಡರೂ ಬಿಡೋಕೆ ಆಗ್ತಿಲ್ವಾ ಅಂತ ಕೇಳ್ತಾರೆ. ಹಾಸ್ಟೆಲಿನ ಹುಡುಗ ರಾತ್ರಿಯಿಡೀ ಎದ್ದಿದ್ದಾನೆ ಅಂದ ತಕ್ಷಣ ಚಟ ಅಂತ ಹಣೆಪಟ್ಟಿ ಹಚ್ಚೋ ಮೊದಲು ಈ ಮೂರು ಪ್ರಶ್ನೆ ಕೇಳೋದು ಒಳ್ಳೇದು. ಹಣೆಪಟ್ಟಿಯೂ ಜೀವ ತೆಗೆದಿದೆ.

ನೀವೇನಂತೀರಿ?