ಅಳಿಯಸಂತಾನಕ್ಕೆ ಕಲ್ಲಿನ ಸಾಕ್ಷಿ ಏನು ಹೇಳುತ್ತದೆ?

ಪೊಳಲಿ ಚೆಂಡು ನೋಡಲು ಹೋಗಿದ್ದಾಗ ಪರಿಚಯದ ಅಕ್ಕ ಒಬ್ಬರು ಕೇಳಿದರು: “ನೀವು ಶಾಸನ ಓದುವವರಲ್ವಾ? ಭೂತಾಳ ಪಾಂಡ್ಯನ ಕಟ್ಟಿಗೆ ಶಾಸನ ಉಂಟಾ ಮಾರಾಯ್ರೆ?” ಅವರ ತಂದೆ ತೀರಿಕೊಂಡಿದ್ದಾರೆ. ಪಾಲಾಗದ ಕುಟುಂಬದ ಆಸ್ತಿಯಲ್ಲಿ “ಮಕ್ಕಳಿಗೆ ಹಕ್ಕಿಲ್ಲ, ಇದು ಅನಾದಿಯಿಂದ ಬಂದ ಕ್ರಮ” ಅಂತ ಅತ್ತೆಯ ಮಕ್ಕಳು ಹೇಳಿದ್ದಾರಂತೆ.

ಮೊದಲು ಕಲ್ಲನ್ನೇ ನೋಡೋಣ. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ವೀರಪಾಂಡ್ಯನನ್ನು ಶಾಸನ ಭೈರವನ ಮಗ ಎನ್ನುತ್ತದೆ. ಅದೇ ಊರಿನ ಚತುರ್ಮುಖ ಬಸದಿಯ 1586ರ ಶಾಸನದಲ್ಲಿ ಇಮ್ಮಡಿ ಭೈರರಸ ಹಿಂದಿನ ಭೈರರಸನ ಅಳಿಯ, ಗುಮ್ಮಟಾಂಬೆಯ ಮಗ. ತಂದೆ ಬಂಗ ಅರಸ. ಆದರೆ ಗಾದಿ ಸಿಕ್ಕಿದ್ದು ತಾಯಿ ಕಡೆಯಿಂದ. ನಮ್ಮ ಬೆಳ್ತಂಗಡಿ ತಾಲೂಕಿನ ವೇಣೂರಲ್ಲಿ 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮರಾಜನೂ ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ.

ಇಲ್ಲಿ ಒಂದು ಎಚ್ಚರ ಬೇಕು. ಕನ್ನಡದಲ್ಲಿ ಮಗಳ ಗಂಡನೂ ಅಳಿಯ, ಸೋದರಿಯ ಮಗನೂ ಅಳಿಯ. ಆ ಪದ ಒಂದನ್ನೇ ಕಂಡು ಅಳಿಯಸಂತಾನ ಎನ್ನಲಾಗದು. ಪಕ್ಕದಲ್ಲಿ ತಾಯಿಯ ಹೆಸರು ಬಂದಿದೆಯೇ ನೋಡಬೇಕು. ಅಲ್ಲದೆ ಇವು ಅರಮನೆಯ ಉತ್ತರಾಧಿಕಾರದ ಮಾತುಗಳು, ಒಕ್ಕಲು ಮನೆಯ ಗದ್ದೆಯದಲ್ಲ. ಆದರೂ ಒಂದೇ ಮನೆತನದಲ್ಲಿ 154 ವರ್ಷಗಳ ಅಂತರದಲ್ಲಿ ಮಗನೂ ಇದ್ದಾನೆ, ಅಳಿಯನೂ ಇದ್ದಾನೆ. ಅಂದ ಮೇಲೆ “ಅನಾದಿ” ಎಂಬ ಮಾತಿಗೆ ಕಲ್ಲಿನ ಬೆಂಬಲ ಇಲ್ಲ. ಭೂತಾಳ ಪಾಂಡ್ಯನ ಹೆಸರಿನ ಕಟ್ಟಳೆಯ ಗ್ರಂಥವನ್ನಂತೂ 19ನೇ ಶತಮಾನದಲ್ಲೇ ಎ.ಸಿ. ಬರ್ನೆಲ್ ಕೃತಕ ಎಂದು ತಳ್ಳಿಹಾಕಿದ್ದರು.

ಕಾನೂನೂ ನಿಂತಲ್ಲೇ ನಿಲ್ಲಲಿಲ್ಲ. ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿ ಪಾಲಾಗದು ಎಂದು ಮದರಾಸು ಹೈಕೋರ್ಟು 1863ರಲ್ಲಿ ಹೇಳಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 7(2)ನೇ ಕಲಂ ಇನ್ನೂ ಮುಂದೆ ಹೋಯಿತು: ಸದಸ್ಯರೊಬ್ಬರು ತೀರಿಕೊಂಡರೆ, ಅದಕ್ಕೆ ತುಸು ಮೊದಲು ತಲೆಗೊಂದು ಪಾಲು ಆಗಿತ್ತೆಂದೇ ಲೆಕ್ಕ. ಆ ಪಾಲು ಪೂರ್ಣವಾಗಿ ಅವರದ್ದು. ಅದು ಹೋಗುವುದು ಈ ಕಾಯಿದೆಯ ಪ್ರಕಾರ, ಅಳಿಯಸಂತಾನದ ಪ್ರಕಾರ ಅಲ್ಲ. ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಮಗಳು ಮೊದಲ ವರ್ಗದ ವಾರಸುದಾರಳು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೆ: “ಶಾಸನ ಹುಡುಕಬೇಡಿ. ತಂದೆ ತೀರಿಕೊಂಡದ್ದು 1956ರ ಜೂನ್ 17ರ ನಂತರವಲ್ಲವೇ? ಹಳೆಯ ಪಾಲುಪತ್ರ, ಉಯಿಲು ಏನಾದರೂ ಉಂಟಾ ನೋಡಿ, ವಕೀಲರ ಹತ್ತಿರ ತೆಗೆದುಕೊಂಡು ಹೋಗಿ.” ಅಂದು ಏನು ನಡೆಯಿತು ಎಂಬುದಕ್ಕೆ ಕಲ್ಲು ಸಾಕ್ಷಿ. ಇಂದು ಯಾರಿಗೆ ಪಾಲು ಎಂಬುದಕ್ಕೆ ಅದು ತೀರ್ಪಲ್ಲ.